ಬೇವು ಸೋತ ಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮಗಳಿಗೆ ಎರಡು ವರ್ಷ ತುಂಬಿ ಮೂರು ತಿಂಗಳಾಗಿತ್ತು. ಇನ್ನು ಹಾಲು ಬಿಡಿಸೋಣ ಎಂದು ಹೊರಟೆ. ಅತ್ತೆಯವರು ಹಿತ್ತಲಿನ ಬೇವಿನ ಸೊಪ್ಪನ್ನು ನುಣ್ಣಗೆ ಅರೆದು ತಂದರು. ತಮ್ಮ ಮೂವರು ಮಕ್ಕಳಿಗೂ ಅವರು ಬಿಡಿಸಿದ್ದು ಹಾಗೆಯೇ. ಹಚ್ಚಿಕೊಂಡೆ. ಮಗಳು ಬಾಯಿಟ್ಟಳು, ಮುಖ ಕಿವಿಚಿದಳು. ಗೆದ್ದೆವು ಎಂದುಕೊಳ್ಳುವಷ್ಟರಲ್ಲಿ ನನ್ನದೇ ಸೆರಗಿನ ತುದಿ ಹಿಡಿದು ಚೆನ್ನಾಗಿ ಒರೆಸಿ, ಮತ್ತೆ ಬಾಯಿ ಹಾಕಿದಳು. ಅತ್ತೆಯವರಿಗೆ ನಗು ತಡೆಯಲಾಗಲಿಲ್ಲ.

ಬೇವು ಸೋತದ್ದು ಒಳ್ಳೆಯದೇ ಆಯಿತು. ಎದೆಹಾಲು ಕೊಡದಲ್ಲಿ ತುಂಬಿಟ್ಟ ನೀರಲ್ಲ. ಎಷ್ಟು ಬರಿದಾಗುತ್ತದೋ ಅಷ್ಟು ಊರುತ್ತದೆ. ಒಳಗೇ ಉಳಿದರೆ ಊರುವುದು ತಗ್ಗುತ್ತದೆ. ಆದರೆ ತಗ್ಗಲು ದಿನಗಳು ಹಿಡಿಯುತ್ತವೆ. ಥಟ್ಟನೆ ನಿಲ್ಲಿಸಿದರೆ ಹಾಲು ಕಟ್ಟಿ ಎದೆ ಕಲ್ಲಾಗುತ್ತದೆ. ಕೆಲವರಿಗೆ ಬಾವು ಬಂದು ಚಳಿಜ್ವರವೂ ಹಿಡಿಯುತ್ತದೆ. ಮಗುವನ್ನು ಅಜ್ಜಿಯ ಮನೆಗೆ ಕಳಿಸಿ ನಾಲ್ಕೇ ದಿನದಲ್ಲಿ ಬಿಡಿಸಿದೆವು ಎನ್ನುವವರು ಸಿಕ್ಕರೆ, ಆ ನಾಲ್ಕು ದಿನ ತಾಯಿ ಹೇಗೆ ಮಲಗಿದಳು ಎಂದು ಕೇಳಿನೋಡಿ.

‘ಇಷ್ಟು ದೊಡ್ಡವಳು ಇನ್ನೂ ಕುಡಿಯುತ್ತಾಳಾ?’ ಎಂದು ಅಕ್ಕಪಕ್ಕದವರು ಕೇಳುವುದುಂಟು. ಎರಡು ವರ್ಷ ಮತ್ತು ಅದರಾಚೆಗೂ ಕುಡಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಬಿಡಿಸುವ ಹೊತ್ತು ತಾಯಿ ಮಗುವಿನ ಲೆಕ್ಕ, ಪಕ್ಕದ ಮನೆಯದಲ್ಲ.

ನಾನು ಮೊದಲು ಎಣಿಸಿದೆ. ದಿನಕ್ಕೆ ಐದು ಸಲ. ಅವುಗಳಲ್ಲಿ ಬೆಳಗಿನ ಹತ್ತು ಗಂಟೆಯದು ಹಸಿವಿನದ್ದಲ್ಲ, ಬೇಸರದ್ದು. ನಾನು ಬೆತ್ತದ ಕುರ್ಚಿಯಲ್ಲಿ ಕುಳಿತರೆ ಸಾಕು, ಓಡಿ ಬರುತ್ತಿದ್ದಳು. ಹಾಗಾಗಿ ಕುರ್ಚಿಯನ್ನೇ ಒಳಕೋಣೆಗೆ ಸಾಗಿಸಿದೆ. ಹತ್ತು ಗಂಟೆಗೆ ಒಂದು ಬಟ್ಟಲು ಮಂಡಕ್ಕಿ ಹಿಡಿದು ಇಬ್ಬರೂ ಮಹಡಿಯ ಮೇಲೆ ಕಾಗೆ ನೋಡಲು ಹೋದೆವು. ಒಂದು ವಾರ ಇಷ್ಟೇ. ಎದೆ ಬಿಗಿದಾಗ ನೋವು ತಗ್ಗುವಷ್ಟು ಮಾತ್ರ ಕೈಯಿಂದ ಹಿಂಡಿ ತೆಗೆದೆ. ಪೂರ್ತಿ ತೆಗೆದರೆ ಮತ್ತೆ ಊರುತ್ತದೆಯಲ್ಲ! ಮುಂದಿನ ವಾರ ಸಂಜೆಯದು, ಆಮೇಲೆ ಮಧ್ಯಾಹ್ನದ್ದು. ನಾನಾಗಿ ಕೊಡುತ್ತಿರಲಿಲ್ಲ, ಹಟ ಹಿಡಿದು ಅತ್ತರೆ ಇಲ್ಲವೆನ್ನುತ್ತಲೂ ಇರಲಿಲ್ಲ. ನಡುವೆ ಅವಳಿಗೆ ಜ್ವರ ಬಂತು. ಬಿಡಿಸುವ ಮಾತನ್ನೇ ಬದಿಗಿಟ್ಟು, ಕೇಳಿದಾಗಲೆಲ್ಲ ಕುಡಿಸಿದೆ. ಕಾಯಿಲೆಯ ಹೊತ್ತು, ಅಂಗನವಾಡಿಗೆ ಸೇರಿಸುವ ವಾರ ಇವೆಲ್ಲ ಬಿಡಿಸುವ ಕಾಲವಲ್ಲ.

ಎದೆಹಾಲು ಹೋದಲ್ಲಿ ಹಸುವಿನ ಹಾಲನ್ನು ಸುರಿಯಬೇಡಿ. ಈ ವಯಸ್ಸಿಗೆ ದಿನಕ್ಕೆ ಅರ್ಧ ಲೀಟರ್ ದಾಟಬಾರದು. ಅದಕ್ಕಿಂತ ಹೆಚ್ಚು ಕುಡಿದ ಮಗು ಊಟ ಬೇಡವೆನ್ನುತ್ತದೆ, ಮೈಯಲ್ಲಿ ಕಬ್ಬಿಣದಂಶ ಇಳಿಯುತ್ತದೆ. ಬೇಳೆ, ಸೊಪ್ಪು, ತುಪ್ಪ ಕಲಸಿದ ಮೆತ್ತನೆಯ ಅನ್ನ, ರಾಗಿ, ತಿನ್ನುವ ಮನೆಯಾದರೆ ಮೊಟ್ಟೆ – ಹೊಟ್ಟೆ ತುಂಬಬೇಕಾದದ್ದು ಇವುಗಳಿಂದ.

ಕೊನೆಗೆ ಉಳಿದದ್ದು ರಾತ್ರಿಯ ಹಾಲು. ಅದೇ ಗಟ್ಟಿ. ಕುಡಿಯುತ್ತಾ ನನ್ನ ಕರಿಮಣಿಯ ಒಂದೊಂದೇ ಮಣಿಯನ್ನು ಬೆರಳಲ್ಲಿ ಹೊರಳಿಸುವುದು ಅವಳ ರೂಢಿ. ಹಾಗಾಗಿ ಕರಿಮಣಿಯನ್ನು ಕೊಟ್ಟೆ, ಹಾಲನ್ನು ಮಾತ್ರ ದಿನದಿನಕ್ಕೂ ಮೊಟಕು ಮಾಡಿದೆ. ಹತ್ತು ಎಣಿಸುವವರೆಗೆ ಎಂದೆ, ಮರುವಾರ ಐದು. ಎರಡು ರಾತ್ರಿ ಅವಳಪ್ಪ ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ತಿರುಗಿದರು. ಅವಳು ಅತ್ತಳು, ನಾನೂ ಅತ್ತೆ.

ಅಷ್ಟರಲ್ಲಿ ಅತ್ತೆಯವರು ಎರಡನೆಯ ಮದ್ದು ತಂದರು: ಕುಪ್ಪಸದೊಳಗೆ ಇಟ್ಟುಕೊಳ್ಳಲು ದುಂಡುಮಲ್ಲಿಗೆ. ನಾನು ನಕ್ಕೆ. ಆಮೇಲೆ ತಿಳಿಯಿತು, ಹೆರಿಗೆಯಾದ ಮೇಲೆ ಹಾಲು ನಿಲ್ಲಿಸಬೇಕಾದ ತಾಯಂದಿರಿಗೆ ಮಲ್ಲಿಗೆ ಕಟ್ಟಿ ವೆಲ್ಲೂರಿನ ವೈದ್ಯರು ಪರೀಕ್ಷಿಸಿದ್ದಾರೆ, 1988ರಲ್ಲಿ ಅದನ್ನು ಪ್ರಕಟಿಸಿಯೂ ಇದ್ದಾರೆ, ಹಾಲು ತಗ್ಗಿತ್ತು. ನನಗೆ ತಗ್ಗಿದ್ದು ಮಲ್ಲಿಗೆಯಿಂದಲೋ ವಾರಗಳಿಂದಲೋ, ಅಂತೂ ಕೋಣೆಯೆಲ್ಲ ಘಮಘಮ. ಆದರೆ ಎದೆ ಕೆಂಪಾಗಿ ಜ್ವರ ಬಂದರೆ ಮಲ್ಲಿಗೆಯನ್ನು ನಂಬಿ ಕೂರಬೇಡಿ, ಅಂದೇ ವೈದ್ಯರಲ್ಲಿಗೆ ಹೋಗಿ.

ಬಿಟ್ಟು ಕೆಲವು ವಾರಗಳಾದರೂ ಒಂದೆರಡು ಹನಿ ಕಾಣಿಸಿಕೊಳ್ಳುವುದು ಸಹಜ. ಇದೆಯೋ ಇಲ್ಲವೋ ಎಂದು ಹಿಂಡಿ ನೋಡುತ್ತಿರಬೇಡಿ.

ಮಗಳಿಗೆ ಈಗ ನಾಲ್ಕು ವರ್ಷ. ಕರಿಮಣಿಯನ್ನು ಇನ್ನೂ ಬಿಟ್ಟಿಲ್ಲ.

ನಮಸ್ಕಾರ.