ಸಾಲ ಕೊಟ್ಟವರ ಮೇಲೇ ಲಾಬಿ

ಎಲ್ಲರಿಗೂ ನಮಸ್ಕಾರ.

2010ರ ಏಪ್ರಿಲ್‌ನಲ್ಲಿ ಅಮೆರಿಕದ ಟಿವಿ ಚಾನೆಲ್‌ಗಳಲ್ಲಿ ಒಂದು ಜಾಹೀರಾತು ಬರುತ್ತಿತ್ತು. ಜನರಲ್ ಮೋಟರ್ಸ್, ಅಂದರೆ ಜಿಎಂ ಕಂಪನಿಯ ಮುಖ್ಯಸ್ಥ ಎಡ್ ವಿಟೇಕರ್ ಖುದ್ದಾಗಿ ಕ್ಯಾಮೆರಾ ಮುಂದೆ ಬಂದು ಮಾತಾಡುತ್ತಿದ್ದರು. ಸರ್ಕಾರದ ಸಾಲವನ್ನು ಬಡ್ಡಿ ಸಮೇತ ಪೂರ್ತಿ ತೀರಿಸಿದ್ದೇವೆ, ಅದೂ ಗಡುವಿಗೆ ಐದು ವರ್ಷ ಮೊದಲೇ ಎಂಬುದು ಅವರ ಮಾತಿನ ಸಾರ. ಕೇಳಿದವರು ಏನಂದುಕೊಳ್ಳುತ್ತಾರೆ? ಜನರ ದುಡ್ಡು ಜನರಿಗೆ ವಾಪಸ್ ಬಂತು ಅಂತ ತಾನೇ?

ಆ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಮುಳುಗುತ್ತಿದ್ದ ಜಿಎಂ ಅನ್ನು ಉಳಿಸಲು ಸರ್ಕಾರ ಕೊಟ್ಟ ಹಣ, ಅಂದರೆ ಬೇಲ್‌ಔಟ್, ಸುಮಾರು 4,950 ಕೋಟಿ ಡಾಲರ್. ಅದರಲ್ಲಿ ಸಾಲ ಅಂತ ಪುಸ್ತಕದಲ್ಲಿ ಉಳಿದಿದ್ದು 670 ಕೋಟಿ ಮಾತ್ರ. ಮಿಕ್ಕಿದ್ದರಲ್ಲಿ ಬಹುಪಾಲು ಷೇರಾಗಿ ಬದಲಾಗಿತ್ತು. ಕಂಪನಿಯ ಶೇ 60.8ರಷ್ಟು ಪಾಲು ಸರ್ಕಾರದ ಕೈಗೆ ಬಂದಿತ್ತು. ವಿಟೇಕರ್ ಹೇಳಿದ್ದು ಆ 670 ಕೋಟಿಯ ಬಗ್ಗೆ. ಅದರಲ್ಲೂ ಕೊನೆಯ 470 ಕೋಟಿ ಎಲ್ಲಿಂದ ಬಂತು ಗೊತ್ತಾ? ಕಾರು ಮಾರಿ ಬಂದ ಲಾಭದಿಂದ ಅಲ್ಲ. ಸರ್ಕಾರವೇ ಕೊಟ್ಟು, ಷರತ್ತಿನ ಮೇಲೆ ಬೇರೆ ತೆಗೆದಿಡುವ ಎಸ್ಕ್ರೊ ಖಾತೆಯಲ್ಲಿ ಇರಿಸಿದ್ದ ದುಡ್ಡನ್ನು ತೆಗೆದು ಸರ್ಕಾರದ ಸಾಲ ತೀರಿಸಿದರು. ಬೇಲ್‌ಔಟ್ ಹಣದ ಮೇಲೆ ಕಣ್ಣಿಡಲು ನೇಮಕವಾಗಿದ್ದ ವಿಶೇಷ ಇನ್‌ಸ್ಪೆಕ್ಟರ್ ಜನರಲ್ ನೀಲ್ ಬರೋಫ್‌ಸ್ಕಿ ಸೆನೆಟ್ ಸಮಿತಿಯ ಮುಂದೆ ಇದನ್ನು ಬಿಚ್ಚಿ ಹೇಳಿದರು. ಷೇರಿಗೆ ಹಾಕಿದ ದುಡ್ಡಿನ ಕಥೆ ಮುಗಿದಿದ್ದು 2013ರ ಡಿಸೆಂಬರ್‌ನಲ್ಲಿ. ಸರ್ಕಾರ ಕೊನೆಯ ಷೇರನ್ನೂ ಮಾರಿದಾಗ ಖಜಾನೆಗೆ ಬಿದ್ದ ನಷ್ಟ 1,000 ಕೋಟಿ ಡಾಲರಿಗೂ ಜಾಸ್ತಿ.

ನಾನು ಬೇಲ್‌ಔಟ್‌ನ ವಿರೋಧಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. 2008ರ ಕೊನೆಯಲ್ಲಿ ಬ್ಯಾಂಕುಗಳೇ ನಡುಗುತ್ತಿದ್ದವು. ದಿವಾಳಿ ಅರ್ಜಿ ಹಾಕಿದ ಕಂಪನಿಯೂ ಕೋರ್ಟಿನ ನೆರಳಲ್ಲಿ ಕೆಲಸ ನಡೆಸಬಹುದು. ಆದರೆ ಅದಕ್ಕೆ ದಿನದಿನದ ಖರ್ಚಿಗೆ ಯಾರಾದರೂ ಸಾಲ ಕೊಡಬೇಕು. ಆಗ ಅಷ್ಟು ದೊಡ್ಡ ಮೊತ್ತ ಕೊಡುವ ಬ್ಯಾಂಕ್ ಒಂದೂ ಇರಲಿಲ್ಲ. ಜಿಎಂ ಬಾಗಿಲು ಹಾಕಿದ್ದರೆ ಸೀಟು, ವೈರು, ಬೇರಿಂಗ್ ಮಾಡುವ ಸಣ್ಣ ಕಾರ್ಖಾನೆಗಳೂ ಮುಳುಗುತ್ತಿದ್ದವು. ಅದೇ ಕಾರ್ಖಾನೆಗಳಿಂದ ಮಾಲು ತರಿಸುವ ಫೋರ್ಡ್‌ಗೂ ಪೆಟ್ಟು ಬೀಳುತ್ತಿತ್ತು. ಡೆಟ್ರಾಯಿಟ್ ಸುತ್ತಮುತ್ತ ಈ ಉದ್ಯಮವನ್ನೇ ನಂಬಿ ಬದುಕುವ ನಮ್ಮ ಕನ್ನಡದ ಎಂಜಿನಿಯರುಗಳೂ ಇದ್ದಾರೆ. ಅಂಥ ಹೊತ್ತಲ್ಲಿ ಸರ್ಕಾರ ಕೈಕಟ್ಟಿ ಕೂರಬೇಕಿತ್ತು ಅಂತ ನಾನು ಹೇಳಲಾರೆ.

ನನ್ನ ತಕರಾರು ಇರುವುದು ಲಾಬಿಯ ಬಗ್ಗೆ. ಜನರ ದುಡ್ಡಲ್ಲಿ ಉಸಿರಾಡುತ್ತಿರುವ ಕಂಪನಿ, ಆ ಜನರ ಕಾನೂನನ್ನೇ ತನಗೆ ಬೇಕಾದ ಹಾಗೆ ಬಗ್ಗಿಸಲು ಖರ್ಚು ಮಾಡಬಹುದೇ? ಕೂಡದು. ಈ ಮಾತಿಗೆ ಬಲ ಬರಬೇಕಾದರೆ ಕಂಪನಿಗಳು ಹಳ್ಳಕ್ಕೆ ಬಿದ್ದಿದ್ದು ಹೇಗೆ ಅಂತ ನೋಡಬೇಕು.

ಅಮೆರಿಕದಲ್ಲಿ ಕಂಪನಿಯ ಕಾರುಗಳ ಸರಾಸರಿ ಮೈಲೇಜು ಇಷ್ಟಕ್ಕಿಂತ ಕಡಿಮೆ ಇರಬಾರದು ಎಂಬ ಕಾನೂನಿನ ಮಿತಿ ಇದೆ. 1990ರಿಂದ 2010ರವರೆಗೆ, ಇಪ್ಪತ್ತು ವರ್ಷ, ಅದು ಗ್ಯಾಲನ್‌ಗೆ 27.5 ಮೈಲಿಯಲ್ಲೇ ನಿಂತಿತ್ತು. ನಮ್ಮ ಲೆಕ್ಕದಲ್ಲಿ ಲೀಟರಿಗೆ ಹತ್ತಿರ ಹತ್ತಿರ 12 ಕಿಲೋಮೀಟರ್. ಅದು ತಾನಾಗಿ ನಿಂತಿದ್ದಲ್ಲ. ಕಾರು ಕಂಪನಿಗಳು ವಾಷಿಂಗ್ಟನ್‌ನಲ್ಲಿ ಪಟ್ಟು ಹಿಡಿದು ನಿಲ್ಲಿಸಿದ್ದು. 1990ರ ದಶಕದ ನಡುವಿನಿಂದ ಕೆಲವು ವರ್ಷ, ಈ ಮಿತಿಯನ್ನು ಏರಿಸುವ ಕೆಲಸಕ್ಕೆ ಸಾರಿಗೆ ಇಲಾಖೆ ಒಂದು ಕಾಸೂ ಖರ್ಚು ಮಾಡಬಾರದು ಎಂದು ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಬಜೆಟ್ಟಿನಲ್ಲೇ ಬರೆದುಬಿಟ್ಟಿತು. ಎಸ್‌ಯುವಿಗಳಿಗೆ ಇನ್ನೊಂದು ಸಡಿಲಿಕೆ. ಅವು ಕಾನೂನಿನ ಕಣ್ಣಿಗೆ ಕಾರುಗಳಲ್ಲ, ಲಘು ಟ್ರಕ್ಕುಗಳು. ಆಗ ಅವುಗಳ ಮಿತಿ ಲೀಟರಿಗೆ 9 ಕಿಲೋಮೀಟರಿಗೂ ಕಡಿಮೆ. 2003ರಲ್ಲಿ ತೆರಿಗೆ ಕಾಯ್ದೆ ಬದಲಾಯಿತು. ವ್ಯಾಪಾರಕ್ಕೆ ಅಂತ 6,000 ಪೌಂಡಿಗಿಂತ ಭಾರದ ವಾಹನ ಕೊಂಡವರು 1 ಲಕ್ಷ ಡಾಲರ್‌ವರೆಗೆ ಒಂದೇ ವರ್ಷದಲ್ಲಿ ಖರ್ಚು ತೋರಿಸಿ ತೆರಿಗೆ ಉಳಿಸಬಹುದಿತ್ತು. ಟ್ರ್ಯಾಕ್ಟರು, ಟ್ರಕ್ಕು ಕೊಳ್ಳುವ ಸಣ್ಣ ವ್ಯಾಪಾರಿಗಳ ಹೆಸರಲ್ಲಿ ಬಂದ ಈ ರಿಯಾಯಿತಿ ಜಿಎಂನ ಹಮ್ಮರ್‌ಗೂ ಸಿಕ್ಕಿತು. ಮರುವರ್ಷ ಎಸ್‌ಯುವಿಗಳಿಗೆ ಅದನ್ನು 25,000 ಡಾಲರಿಗೆ ಇಳಿಸಬೇಕಾಯಿತು.

ಇಷ್ಟೆಲ್ಲ ಆಸರೆ ಇದ್ದಾಗ ಸಣ್ಣ ಕಾರನ್ನು ಚೆನ್ನಾಗಿ ಮಾಡುವ ಕಷ್ಟ ಯಾರಿಗೆ ಬೇಕು? ದೊಡ್ಡ ಗಾಡಿಯಲ್ಲಿ ಲಾಭ ಜಾಸ್ತಿ. 2008ರ ಬೇಸಿಗೆಯಲ್ಲಿ ಪೆಟ್ರೋಲ್ ಗ್ಯಾಲನ್‌ಗೆ 4 ಡಾಲರ್ ದಾಟಿತು. ದೊಡ್ಡ ಗಾಡಿಗಳನ್ನು ಕೇಳುವವರೇ ಇಲ್ಲ. ನಾಲ್ಕೇ ತಿಂಗಳಲ್ಲಿ ಜಿಎಂ, ಫೋರ್ಡ್, ಕ್ರೈಸ್ಲರ್, ಈ ಮೂರು ಕಂಪನಿಗಳ ಮುಖ್ಯಸ್ಥರು ವಾಷಿಂಗ್ಟನ್‌ಗೆ ಹೋಗಿ 2,500 ಕೋಟಿ ಡಾಲರ್ ಕೇಳಿದರು. ಕಂಪನಿಗಳ ಹಿಂದಿನ ಮುಖ್ಯಸ್ಥರ ತಪ್ಪು, ದುಬಾರಿ ಪಿಂಚಣಿ, ಹಣಕಾಸಿನ ಬಿಕ್ಕಟ್ಟು, ಎಲ್ಲವೂ ಕಾರಣಗಳೇ. ಆದರೆ ಲಾಬಿ ಗೆದ್ದಿದ್ದೂ ಒಂದು ಕಾರಣ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಕಾನೂನು ಒತ್ತಡ ಹಾಕಿದ್ದರೆ ಆ ಇಪ್ಪತ್ತು ವರ್ಷದಲ್ಲಿ ಅವರು ಬೇರೆ ಗಾಡಿಗಳನ್ನು ಮಾಡಿರುತ್ತಿದ್ದರು.

ಈ ಕಂಪನಿಗಳಿಗೆ ಸಾಲ ಕೊಡುವ ಮಸೂದೆ 2008ರ ಡಿಸೆಂಬರ್ 11ರಂದು ಸೆನೆಟ್‌ನಲ್ಲಿ ಬಿದ್ದುಹೋಯಿತು. ಎಂಟು ದಿನದಲ್ಲಿ ಅಧ್ಯಕ್ಷ ಬುಷ್ ಬೇರೆ ದಾರಿ ಹಿಡಿದರು. ಹಣಕಾಸು ಸಂಸ್ಥೆಗಳಿಗೆ ಅಂತ ಮಾಡಿದ್ದ 70,000 ಕೋಟಿ ಡಾಲರ್‌ಗಳ ಟಾರ್ಪ್ ನಿಧಿಯಿಂದ ಜಿಎಂ ಮತ್ತು ಕ್ರೈಸ್ಲರ್‌ಗೆ 1,740 ಕೋಟಿ ಘೋಷಿಸಿದರು. ಆಮೇಲೆ ಬಂದ ಒಬಾಮಾ ಸರ್ಕಾರ ಇನ್ನಷ್ಟು ಕೊಟ್ಟಿತು. ಜಿಎಂ ಮುಖ್ಯಸ್ಥ ರಿಕ್ ವ್ಯಾಗನರ್ ಅವರನ್ನು ಕೆಳಗಿಳಿಸಿತು. ಎರಡೂ ಕಂಪನಿಗಳನ್ನು ದಿವಾಳಿ ಕೋರ್ಟಿಗೆ ಕಳಿಸಿತು. ಹೊಸದಾಗಿ ಸೇರುವ ಕಾರ್ಮಿಕರಿಗೆ ಹಳಬರ ಅರ್ಧದಷ್ಟೇ ಕೂಲಿ ಅಂತಾಯಿತು. ಇಷ್ಟು ಷರತ್ತು ಹಾಕಿದ ಸರ್ಕಾರ, ಲಾಬಿ ನಿಲ್ಲಿಸಿ ಅಂತ ಒಂದು ಮಾತು ಹೇಳಲಿಲ್ಲ.

2009ರ ಮೊದಲ ಮೂರು ತಿಂಗಳಲ್ಲಿ, ತುರ್ತು ಸಾಲದ ಮೇಲೆ ನಿಂತಿದ್ದಾಗಲೇ, ಜಿಎಂ ಲಾಬಿಗೆ ಸುಮಾರು 28 ಲಕ್ಷ ಡಾಲರ್ ಖರ್ಚು ಮಾಡಿತು. ಹಾಗಾದರೆ ಕಾನೂನು ಇರಲಿಲ್ಲವೇ? ಇತ್ತು. 1989ರ ಬರ್ಡ್ ತಿದ್ದುಪಡಿಯ ಪ್ರಕಾರ ಸರ್ಕಾರದ ಗುತ್ತಿಗೆ, ಅನುದಾನ, ಸಾಲ ಪಡೆಯಲು ಸರ್ಕಾರದ ಹಣದಲ್ಲೇ ಲಾಬಿ ಮಾಡುವಂತಿಲ್ಲ. ಲಾಬಿಗೆ ಹೋಗಿದ್ದು ನಮ್ಮ ಬೇರೆ ಆದಾಯದ ದುಡ್ಡು ಎಂದು ಕಂಪನಿ ಹೇಳಿದರೆ ಅಲ್ಲಿಗೆ ಮುಗಿಯಿತು. ಈ ವಾದವನ್ನು ನಾನು ಒಪ್ಪುವುದಿಲ್ಲ. ದುಡ್ಡಿಗೆ ಹೆಸರಿಲ್ಲ. ಸಂಬಳಕ್ಕೆ ಸರ್ಕಾರದ ಹಣ ಬಂದರೆ, ಸಂಬಳಕ್ಕಿಟ್ಟಿದ್ದ ಹಣ ಲಾಬಿಗೆ ಹೋಗುತ್ತದೆ, ಅಷ್ಟೇ. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಅಂತಾರಲ್ಲ, ಅದೇ. ಸೆನೆಟರ್‌ಗಳಾದ ಡಯಾನ್ ಫೈನ್‌ಸ್ಟೈನ್ ಮತ್ತು ಒಲಿಂಪಿಯಾ ಸ್ನೋ, ಒಬ್ಬರು ಡೆಮಾಕ್ರಾಟ್, ಒಬ್ಬರು ರಿಪಬ್ಲಿಕನ್, ಬೇಲ್‌ಔಟ್ ಹಣ ಲಾಬಿಗೆ ಹೋಗದಂತೆ ತಡೆಯುವ ಮಸೂದೆ ತಂದರು. ಅದು ಕಾನೂನಾಗಲಿಲ್ಲ.

ತಮ್ಮ ಪರ ಮಾತಾಡುವವರಿಲ್ಲದವರ ಗತಿ ಏನಾಯಿತು ಅನ್ನೋದಕ್ಕೆ ಡೆಲ್ಫಿ ಕಂಪನಿಯ ನಿವೃತ್ತರನ್ನು ನೋಡಿ. ಡೆಲ್ಫಿ ಮೊದಲು ಜಿಎಂನದೇ ಬಿಡಿಭಾಗ ವಿಭಾಗ. 1999ರಲ್ಲಿ ಬೇರೆಯಾಯಿತು, 2005ರಲ್ಲಿ ದಿವಾಳಿ ಎದ್ದಿತು. 2009ರಲ್ಲಿ ಅದರ ಪಿಂಚಣಿಗಳು ಸರ್ಕಾರಿ ಪಿಂಚಣಿ ವಿಮಾ ನಿಗಮದ ಪಾಲಾದವು. ಅಲ್ಲಿ ಸಿಗುವುದು ಕಾನೂನಿನ ಮಿತಿಯೊಳಗಿನ ಪಿಂಚಣಿ ಮಾತ್ರ. ಯೂನಿಯನ್ ಕಾರ್ಮಿಕರಿಗೆ ಬಿದ್ದ ಕೊರತೆಯನ್ನು ಹಳೆಯ ಒಪ್ಪಂದದಂತೆ ಜಿಎಂ ತುಂಬಿಕೊಟ್ಟಿತು. ಅದು ಅವರ ಹಕ್ಕು, ಅವರಿಗೆ ಸಿಕ್ಕಿದ್ದು ನ್ಯಾಯವೇ. ಅದೇ ಛಾವಣಿ ಕೆಳಗೆ ಕೆಲಸ ಮಾಡಿದ ಸುಮಾರು 20,000 ಮಂದಿ ಸಂಬಳದ ನೌಕರರಿಗೆ, ಅಂದರೆ ಮೇಲ್ವಿಚಾರಕರು, ಗುಮಾಸ್ತರು, ಎಂಜಿನಿಯರುಗಳಿಗೆ ಯಾರೂ ತುಂಬಿಕೊಡಲಿಲ್ಲ. ಕೆಲವರ ಪಿಂಚಣಿ ಅರ್ಧಕ್ಕಿಂತ ಕೆಳಗಿಳಿಯಿತು. ಅವರ ಪರವಾಗಿ ಮಾತುಕತೆಯ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ. ವರ್ಷಗಟ್ಟಲೆ ಕೋರ್ಟಿಗೆ ಅಲೆದರು, ಗೆಲ್ಲಲಿಲ್ಲ.

ಬೇರೆ ದಾರಿ ಇರಲಿಲ್ಲ ಅಂತ ಯಾರಾದರೂ ಅಂದರೆ ನಾನು 1980ರ ಕ್ರೈಸ್ಲರ್ ಕಥೆ ಹೇಳುತ್ತೇನೆ. ಆಗ ಸರ್ಕಾರ 150 ಕೋಟಿ ಡಾಲರ್ ಸಾಲಕ್ಕೆ ಜಾಮೀನು ನಿಂತಿತು. ಬದಲಿಗೆ, ಮುಂದೆ ನಿಗದಿತ ಬೆಲೆಗೆ ಕ್ರೈಸ್ಲರ್ ಷೇರು ಕೊಳ್ಳುವ ಹಕ್ಕುಪತ್ರಗಳನ್ನು ಬರೆಸಿಕೊಂಡಿತು. 1983ರಲ್ಲಿ ಕ್ರೈಸ್ಲರ್ ಮುಖ್ಯಸ್ಥ ಲೀ ಅಯಾಕೋಕಾ ಸಾಲ ತೀರಿಸಿದರು. ಷೇರಿನ ಬೆಲೆಯೂ ಏರಿತ್ತು. ಆ ಹಕ್ಕುಪತ್ರಗಳನ್ನು ಸರ್ಕಾರ ಬಿಟ್ಟುಕೊಡಲಿ ಎಂದು ಕಂಪನಿ ಕೇಳಿತು. ಸರ್ಕಾರ ಒಪ್ಪಲಿಲ್ಲ, ಹರಾಜಿಗಿಟ್ಟಿತು. ಕ್ರೈಸ್ಲರ್ ತಾನೇ 31 ಕೋಟಿ ಡಾಲರ್ ಕೊಟ್ಟು ಅವನ್ನು ಕೊಂಡುಕೊಳ್ಳಬೇಕಾಯಿತು. ಅಧಿಕಾರಿಗಳು ಸುಮ್ನೆ ಗಟ್ಟಿಯಾಗಿ ನಿಂತರು, ಅಷ್ಟಕ್ಕೇ ಖಜಾನೆಗೆ ಲಾಭ ಬಂತು.

2019ರ ವಿಷಯ ನನಗೆ ಜಾಸ್ತಿ ನೋವು ತಂದಿದ್ದು. ಹೊಗೆ ಮತ್ತು ಮೈಲೇಜಿನ ನಿಯಮ ಸಡಿಲಿಸಲು ಟ್ರಂಪ್ ಸರ್ಕಾರ ಹೊರಟಿತ್ತು. ಕ್ಯಾಲಿಫೋರ್ನಿಯಾ ಕೋರ್ಟಿಗೆ ಹೋಯಿತು. ಫೋರ್ಡ್, ಹೋಂಡಾ, ಬಿಎಂಡಬ್ಲ್ಯು, ಫೋಕ್ಸ್‌ವ್ಯಾಗನ್ ಅಷ್ಟರಲ್ಲೇ ಕ್ಯಾಲಿಫೋರ್ನಿಯಾ ಜೊತೆ ಬಿಗಿ ನಿಯಮಕ್ಕೆ ಒಪ್ಪಿಕೊಂಡಿದ್ದವು. ಜಿಎಂ ಮತ್ತು ಫಿಯಟ್ ಕ್ರೈಸ್ಲರ್, ಜನರ ದುಡ್ಡಿಂದ ಬದುಕುಳಿದ ಅದೇ ಎರಡು ಕಂಪನಿಗಳು, ಟೊಯೋಟಾ ಜೊತೆ ಸೇರಿ ಟ್ರಂಪ್ ಸರ್ಕಾರದ ಪರ ನಿಂತವು. 2020ರ ನವೆಂಬರ್‌ನಲ್ಲಿ, ಚುನಾವಣೆಯಲ್ಲಿ ಟ್ರಂಪ್ ಸೋತ ಮೇಲೆ, ಜಿಎಂ ಹಿಂದೆ ಸರಿಯಿತು.

ನನ್ನ ಬೇಡಿಕೆ ಇಷ್ಟೇ. ಜನರ ದುಡ್ಡು ಪಡೆದ ಕಂಪನಿ ಅದನ್ನು ಪೂರ್ತಿ ತೀರಿಸುವವರೆಗೆ, ಷೇರಿನ ನಷ್ಟವನ್ನೂ ಸೇರಿಸಿ, ಲಾಬಿಗೆ ಒಂದು ಪೈಸೆಯೂ ಹಾಕಬಾರದು. ಸರ್ಕಾರಕ್ಕೆ ಹೇಳಬೇಕಾದ್ದು ಏನಾದರೂ ಇದ್ದರೆ ಎಲ್ಲರಿಗೂ ಕಾಣುವ ಹಾಗೆ ಪತ್ರ ಬರೆಯಲಿ. ಇನ್ನೊಂದು ವಿಷಯ. ಜಿಎಂ ಲಾಬಿಗೆ ಎಷ್ಟು ಖರ್ಚು ಮಾಡಿತು ಅಂತ ಇವತ್ತು ನಾನು ಹೇಳೋಕೆ ಆಗಿದ್ದು, ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಡಬೇಕು ಎಂಬ ಕಾನೂನು ಅಲ್ಲಿ ಇರುವುದರಿಂದ. ಭಾರತದಲ್ಲಿ ಅಂಥ ಕಾನೂನೇ ಇಲ್ಲ. ಇಲ್ಲಿಯ ಯಾವ ಕಂಪನಿ ಯಾವ ಸಚಿವಾಲಯದ ಬಾಗಿಲಲ್ಲಿ ಎಷ್ಟು ಖರ್ಚು ಮಾಡಿತು ಅಂತ ನೀವು ಕೇಳಿದರೆ, ತೆಗೆದು ತೋರಿಸೋಕೆ ಒಂದು ಕಡತವೂ ಸಿಗುವುದಿಲ್ಲ. ನಮ್ಮ ಸಂಸದರ ಹತ್ತಿರ ನಾವು ಮೊದಲು ಕೇಳಬೇಕಾದ್ದು ಆ ಕಾನೂನನ್ನು.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.