ಸಣ್ಣ ಗೇಜಿನ ರೈಲಿನಲ್ಲಿ ಊರಿನ ಪಾಲು

ಹಿರಿಯರಿಗೆ, ಅಕ್ಕ-ತಂಗಿಯರಿಗೆ, ಹಿಂದೆ ಗೋಡೆಗೆ ಆತು ನಿಂತಿರುವ ಕಾಲೇಜು ಹುಡುಗರಿಗೆ, ಎಲ್ಲರಿಗೂ ನಮಸ್ಕಾರ. ಮುಂದೆ ಕುರ್ಚಿ ಖಾಲಿ ಇವೆ, ಬನ್ರಿ, ಕೂಡ್ರಿ.

ಗದಗಿನ ಜನರ ಮುಂದೆ ಹಳಿಗಳ ನಡುವೆ ಒಂದು ಮೀಟರ್ ಅಂತರವಿದ್ದ ಮೀಟರ್ ಗೇಜಿನ ಬಗ್ಗೆ ಹೇಳುವ ಅಗತ್ಯವಿಲ್ಲ. ಇಲ್ಲಿರುವ ಹಿರಿಯರು ಹೋಟಗಿ ಗಾಡಿಯಲ್ಲಿ ಓಡಾಡಿದವರು. ಇವತ್ತಿನ ವಿಷಯ ಅದಕ್ಕಿಂತ ಸಣ್ಣದು. ನ್ಯಾರೋ ಗೇಜು. ಹಳಿಯಿಂದ ಹಳಿಗೆ 762 ಮಿಲಿಮೀಟರ್, ಕೆಲವು ಕಡೆ 610. ಎರಡೂವರೆ ಅಡಿ, ಎರಡು ಅಡಿ, ಅಷ್ಟೇ.

ಇದು ನಮಗೆ ದೂರದ್ದಲ್ಲ. ನಿಮ್ಮ ಮನೆಯ ಹಿರಿಯರು ಪಂಢರಪುರಕ್ಕೆ ಹೇಗೆ ಹೋಗುತ್ತಿದ್ದರು, ಕೇಳಿ ನೋಡಿ. ಹುಬ್ಬಳ್ಳಿ, ಬೆಳಗಾವಿ ಮೇಲೆ ಮಿರಜಿಗೆ ಮೀಟರ್ ಗೇಜು. ಮಿರಜಿನಲ್ಲಿ ಇಳಿದು, ಗಂಟುಮೂಟೆ ಹೊತ್ತು, ಬಾರ್ಶಿ ಲೈಟ್ ರೈಲ್ವೆಯ ಪುಟ್ಟ ಗಾಡಿ ಹತ್ತಬೇಕು. ಎವರಾರ್ಡ್ ಕಾಲ್‌ಥ್ರಾಪ್ ಎಂಬ ಇಂಜಿನಿಯರ್ 1897ರಲ್ಲಿ ಬಾರ್ಶಿಯಿಂದ ಕುರ್ಡುವಾಡಿಗೆ ಶುರು ಮಾಡಿದ ರೈಲು ಅದು. ಮಿರಜಿಗೆ ಮುಟ್ಟಿದ್ದು 1927ರಲ್ಲಿ. ಆತನ ಲೆಕ್ಕ ಬಲು ಚೆಂದ. ಇಂಜಿನ್ ಇರಲಿ, ವ್ಯಾಗನ್ ಇರಲಿ, ಒಂದು ಆಕ್ಸಲ್, ಅಂದರೆ ಗಾಲಿ ಜೋಡಿಯ ಅಚ್ಚಿನ ಮೇಲೆ ಐದು ಟನ್‌ಗಿಂತ ಜಾಸ್ತಿ ಭಾರ ಬೀಳಬಾರದು. ಭಾರ ಹಂಚಿಹೋದರೆ ಹಗುರ ಹಳಿ ಸಾಕು, ಖರ್ಚೂ ಕಡಿಮೆ. ವಿಠ್ಠಲನ ಭಕ್ತರನ್ನು ಆ ಹಗುರ ಹಳಿಯೇ ಹೊತ್ತಿತು.

ಕನ್ನಡ ನಾಡಿನಲ್ಲೂ ಇದ್ದವು. ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರ, ಬಂಗಾರಪೇಟೆಯ ಸಾಲು 762ರದು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿಯದು. ಇವತ್ತು ಆ ಸಣ್ಣ ಗೇಜು ಎರಡೂ ಕಡೆ ಇಲ್ಲ.

ಗೇಜು ಬದಲಾಯಿಸಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. 1992ರಲ್ಲಿ ದೇಶಕ್ಕೆಲ್ಲ ಒಂದೇ ಗೇಜು ಎಂದು ಯೋಜನೆ ಶುರುವಾದಾಗ ಅದಕ್ಕೆ ಕಾರಣವಿತ್ತು. ಗೇಜು ಬದಲಾಗುವ ಸ್ಟೇಶನ್ನಿನಲ್ಲಿ ಒಂದೊಂದು ಚೀಲವನ್ನೂ ಇಳಿಸಿ ಮತ್ತೆ ಏರಿಸಿದ ಹಮಾಲರನ್ನು ಕೇಳಿದರೆ ಗೊತ್ತಾಗುತ್ತದೆ. ನನ್ನ ತಕರಾರು ಬೇರೆ. ಹಳೆಯದನ್ನು ಉಳಿಸುವುದು ಅಂದರೆ ಇಂಜಿನ್‌ಗೆ ಬಣ್ಣ ಹೊಡೆದು ಕಟ್ಟೆ ಮೇಲೆ ನಿಲ್ಲಿಸುವುದು ಎಂದು ನಾವು ತಿಳಿದುಬಿಟ್ಟಿದ್ದೇವೆ. ಅಂಥ ಇಂಜಿನ್ ಹತ್ತಿರ ಹೋಗಿ ನೋಡಿ. ಕ್ಯಾಬಿನ ಒಳಗೆ ಹಿತ್ತಾಳೆಯ ಒಂದು ಕಾಕ್ ಉಳಿದಿರುವುದಿಲ್ಲ. ಪ್ರೆಶರ್ ಗೇಜ್ ಇದ್ದ ಕಡೆ ದುಂಡನೆಯ ತೂತು. ಫೈರ್‌ಬಾಕ್ಸಿನಲ್ಲಿ ಚಿಪ್ಸ್ ಪಾಕೀಟು. ಅದು ಯಾರದೂ ಅಲ್ಲ, ಅದಕ್ಕೇ ಹಾಗಾಗಿದೆ. ಪಾಲು ಇದ್ದವನಿಗೆ ಕಾಳಜಿ ಇರುತ್ತದೆ.

ಈಗ ವೇಲ್ಸ್ ದೇಶದ ಕತೆ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ಕೇಳ್ರಿ. ಟಾಲಿಲಿನ್ ಅಂತ ಒಂದು ರೈಲು. ಗೇಜು 686 ಮಿಲಿಮೀಟರ್. ಮನೆಯ ಮಾಡಿಗೆ ಹೊದಿಸುವ ಪಾಟಿ ಕಲ್ಲು ತರಲು 1865ರಲ್ಲಿ ಹಾಕಿದ್ದು. 1946ರಲ್ಲಿ ಗಣಿ ಮುಚ್ಚಿತು. ಆದರೂ ಮಾಲೀಕ ಸರ್ ಹೇಡನ್ ಜೋನ್ಸ್ ತಾನು ಇರುವತನಕ ಗಾಡಿ ಓಡಿಸುತ್ತೇನೆ ಅಂದರು, ಓಡಿಸಿದರು. 1950ರ ಜುಲೈನಲ್ಲಿ ತೀರಿಕೊಂಡರು. ಅಕ್ಟೋಬರದಲ್ಲಿ ಲೇಖಕ ಟಾಮ್ ರೋಲ್ಟ್ ಮತ್ತು ಅವರ ಗೆಳೆಯರು ಬರ್ಮಿಂಗ್‌ಹ್ಯಾಮಿನಲ್ಲಿ ಸಭೆ ಕರೆದರು. ಸಂಘ ಹುಟ್ಟಿತು. ಮಾಲೀಕರ ಹೆಂಡತಿ ಷೇರುಗಳನ್ನು ಬಿಟ್ಟುಕೊಟ್ಟರು. 1951ರ ಮೇ ತಿಂಗಳಲ್ಲಿ ಸಂಘದವರೇ ಗಾಡಿ ಓಡಿಸಿದರು. ಸ್ವಯಂಸೇವಕರು ಉಳಿಸಿದ ರೈಲುಗಳಲ್ಲಿ ಜಗತ್ತಿಗೇ ಮೊದಲನೆಯದು.

ಓಡಿಸಿದ್ದು ಹೇಗೆ ಗೊತ್ತೇನು? ಇದ್ದದ್ದೇ ಎರಡು ಇಂಜಿನ್, 1860ರ ದಶಕದವು. ಒಂದು ಆಗಲೇ ಕೆಟ್ಟು ಮೂಲೆ ಸೇರಿತ್ತು. ಡಾಲ್ಗಾಕ್ ಎಂಬ ಇನ್ನೊಂದು ಹೇಗೋ ಉಸಿರು ಹಿಡಿದಿತ್ತು. ಪಕ್ಕದಲ್ಲಿ ಕಾರಿಸ್ ಎಂಬ ರೈಲು 1948ರಲ್ಲಿ ಮುಚ್ಚಿಹೋಗಿತ್ತು, ಅದರದೂ ಇದೇ ಗೇಜು. ಅಲ್ಲಿಂದ ಎರಡು ಇಂಜಿನ್ ಕೊಂಡು ತಂದರು. ಒಂದಕ್ಕೆ ಸರ್ ಹೇಡನ್ ಅಂತಲೇ ಹೆಸರಿಟ್ಟರು. ಹುರುಪಿನಿಂದ ಹೊರಡಿಸಿದರೆ, ಸರ್ ಹೇಡನ್ ಹಳಿಗಳ ನಡುವೆ ದಬಕ್ಕನೆ ಕೂತುಬಿಟ್ಟಿತು! ನಗ್ರಿ, ನಗ್ರಿ, ಈಗ ನಗಬಹುದು. ಹಳಿಯ ಕೆಳಗಿನ ಮರದ ದಿಮ್ಮಿ, ಅದೇ ಸ್ಲೀಪರ್, ಕೊಳೆತು ಹಳಿಗಳು ಒಂದಿಷ್ಟು ಅಗಲಿದ್ದವು. ಹಳೆಯ ಇಂಜಿನ್‌ಗಳ ಗಾಲಿಯ ಪಟ್ಟಿ ಅಗಲ, ಹಾಗಾಗಿ ಅವು ತೂಗಾಡುತ್ತಲೇ ದಾಟುತ್ತಿದ್ದವು. ಕಾರಿಸ್ ಇಂಜಿನ್‌ದು ಇಕ್ಕಟ್ಟು ಪಟ್ಟಿ. ಬಿತ್ತು. ಕಡೆಗೆ ಆ ಬೇಸಿಗೆಯ ಗಾಡಿಗಳನ್ನೆಲ್ಲ ಡಾಲ್ಗಾಕ್ ಒಂದೇ ಎಳೆಯಿತು. ಸಂಘದವರು ರಜೆ ಬಂದಾಗೆಲ್ಲ ಹುಲ್ಲು ಕಿತ್ತು, ಸ್ಲೀಪರ್ ಬದಲಿಸಿ, ಹಳಿಯನ್ನು ಮೊಳೆ ಮೊಳೆಯಾಗಿ ಸರಿಗೆ ತಂದರು. ಆಮೇಲೆ ಸರ್ ಹೇಡನ್ ಓಡಿತು. ಇವತ್ತಿಗೂ ಅಲ್ಲೇ ಇದೆ.

ಕೂಲಿಗೆ ಬಂದವನಾದರೆ ಇಂಜಿನ್ ಬಿದ್ದ ದಿನವೇ ಮನೆಗೆ ಹೋಗುತ್ತಿದ್ದ. ಪಾಲು ಇದ್ದವರು ಹೋಗಲಿಲ್ಲ.

ಇದನ್ನು ಗದಗಿನವರಿಗೆ ಬೇರೆಯವರು ಕಲಿಸಬೇಕೇನ್ರಿ? ಕಣಗಿನಹಾಳ ನಮ್ಮ ತಾಲ್ಲೂಕಿನ ಊರು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದ್ದು ಅಲ್ಲಿ. ಟಾಲಿಲಿನ್ ಸಂಘಕ್ಕಿಂತ 45 ವರ್ಷ ಮೊದಲು. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸಲು ಹತ್ತು ಜನ ಪಾಲು ಹಾಕಬಹುದಾದರೆ, ಒಂದು ಪುಟ್ಟ ಇಂಜಿನ್‌ಗೆ ಹಾಕಲು ಆಗುವುದಿಲ್ಲವೇ?

ವೇಲ್ಸ್‌ನದೇ ಇನ್ನೊಂದು, ಫೆಸ್ಟಿನಿಯಾಗ್. 597 ಮಿಲಿಮೀಟರ್, 1836ರದು. ಉಗಿ ಇಂಜಿನ್ ಬರುವ ಮೊದಲು ಕಲ್ಲು ತುಂಬಿದ ವ್ಯಾಗನ್ನುಗಳು ಇಳಿಜಾರಿನಲ್ಲಿ ತಾವೇ ಉರುಳಿ ಬಂದರಿಗೆ ಬರುತ್ತಿದ್ದವು. ಖಾಲಿ ವ್ಯಾಗನ್ ಮೇಲಕ್ಕೆ ಎಳೆಯುವ ಕುದುರೆಗಳು ಅದೇ ಗಾಡಿಯ ಡಬ್ಬಿಯೊಂದರಲ್ಲಿ ನಿಂತು ಸವಾರಿ ಮಾಡುತ್ತಿದ್ದವು! ಅದು 1946ರಲ್ಲಿ ನಿಂತು, 1955ರಲ್ಲಿ ಸ್ವಯಂಸೇವಕರಿಂದ ಮತ್ತೆ ಶುರುವಾಯಿತು. ಆದರೆ ಅಷ್ಟರಲ್ಲಿ ವಿದ್ಯುತ್ ಯೋಜನೆಯ ನೀರಿಗೆ ದಾರಿಯ ಒಂದು ತುಂಡು ಹೋಯಿತು. ಬಾಗಲಕೋಟೆ ಕಡೆಯ ನೆಂಟರಿರುವವರಿಗೆ ಮುಳುಗಡೆಯ ಸಂಕಟ ಗೊತ್ತು. ಫೆಸ್ಟಿನಿಯಾಗ್‌ನವರು 1965ರಿಂದ ಗುಡ್ಡ ಅಗೆದು, ಸುತ್ತು ಹಾಕಿ, ಬೇರೆ ದಾರಿ ಮಾಡಿದರು. ಆ ಸುತ್ತುದಾರಿಯೊಂದೇ ಹದಿಮೂರು ವರ್ಷದ ಕೆಲಸ. 1982ರಲ್ಲಿ ಗಾಡಿ ಹಳೆಯ ಕೊನೆಯ ಊರು ಮುಟ್ಟಿತು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಆಯ್ತು ಸರ್, ಬೇಗ ಮುಗಿಸುತ್ತೇನೆ.

ಡಾರ್ಜಿಲಿಂಗ್, ನೀಲಗಿರಿ, ಕಾಲ್ಕಾ-ಶಿಮ್ಲಾ ಬಗ್ಗೆ ಹೇಳಬೇಕೆಂದಿದ್ದೆ. ಯುನೆಸ್ಕೋ ಪಟ್ಟಿಯಲ್ಲಿವೆ, ರೈಲ್ವೆ ಇಲಾಖೆಯೇ ಓಡಿಸುತ್ತದೆ, ಸಂತೋಷ. ನೀಲಗಿರಿಗೆ ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ವರ್ಕ್‌ಶಾಪಿನವರು ಹೊಸ ಉಗಿ ಇಂಜಿನ್ನನ್ನೇ ಕಟ್ಟಿಕೊಟ್ಟರು. ಅಂದರೆ ಕೈಕೆಲಸ ಇನ್ನೂ ಸತ್ತಿಲ್ಲ. ಉಳಿದದ್ದನ್ನು ಬಿಡುತ್ತೇನೆ.

ನಮ್ಮಲ್ಲಿ ಏನು ಸಾಧ್ಯ? ಇಲಾಖೆಯ ಹಳಿ ಮೇಲೆ ನಾವು ಗಾಡಿ ಬಿಡಲಾಗುವುದಿಲ್ಲ, ಅದು ಸರಿಯೇ. ಆದರೆ ನಮ್ಮದೇ ಜಾಗದಲ್ಲಿ ಎರಡಡಿ ಗೇಜಿನ ಅರ್ಧ ಕಿಲೋಮೀಟರ್ ಹಳಿ ಹಾಕಬಹುದು. ಸಹಕಾರ ಸಂಘ ನೋಂದಾಯಿಸಬಹುದು, ಶಾಲೆ ಮಾಸ್ತರರಿಂದ ಬೆಟಗೇರಿಯ ನೇಕಾರರತನಕ ಎಲ್ಲರಿಗೂ ಪಾಲು. ಇದಕ್ಕೆಲ್ಲ ಟೈಮ್ ಇದೆ. ಟೈಮ್ ಇಲ್ಲದಿರುವುದು ಒಂದಕ್ಕೆ. ಹುಬ್ಬಳ್ಳಿ ವರ್ಕ್‌ಶಾಪಿನಲ್ಲಿ ಉಗಿ ಇಂಜಿನ್ ಬಿಚ್ಚಿ ಜೋಡಿಸಿದ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಬಾಯ್ಲರಿನ ಒಳ-ಹೊರ ತಗಡುಗಳನ್ನು ಹಿಡಿದಿಡುವ ಸ್ಟೇ ಬೋಲ್ಟಿಗೆ ಸುತ್ತಿಗೆಯಿಂದ ಒಮ್ಮೆ ತಟ್ಟಿ, ಸದ್ದು ಕೇಳಿಯೇ ಯಾವುದು ಒಳಗೆ ಮುರಿದಿದೆ ಎಂದು ಹೇಳುವವರು. ಆ ಸದ್ದಿನ ವ್ಯತ್ಯಾಸ ಪುಸ್ತಕ ಓದಿದರೆ ಕಿವಿಗೆ ಬರುವುದಿಲ್ಲ. ಪಕ್ಕದಲ್ಲಿ ನಿಂತು ಕೇಳಬೇಕು.

ಅದಕ್ಕೇ ಇವತ್ತೇ ಶುರು ಮಾಡೋಣ. ಫಿಟ್ಟರ್, ಬಾಯ್ಲರ್ ಮೇಕರ್, ಫೈರ್‌ಮನ್ ಆಗಿದ್ದವರು, ಅವರ ಮಕ್ಕಳು ಯಾರಾದರೂ ಇದ್ದರೆ ಚಹಾ ಆದ ಮೇಲೆ ವೇದಿಕೆಯ ಎಡಗಡೆ ಬನ್ನಿ. ಬಾಗಿಲ ಹತ್ತಿರದ ಮೇಜಿನ ಮೇಲೆ ವಹಿ ಇಟ್ಟಿದ್ದೇವೆ, ಹೆಸರು, ಊರು, ಯಾವ ಶಾಪಿನಲ್ಲಿ ಕೆಲಸ ಎಂದು ಬರೆಸಿ. ಹಿಂದೆ ನಿಂತಿರುವ ಹುಡುಗರು ಮೊಬೈಲ್ ಚಾರ್ಜ್ ಮಾಡಿಕೊಂಡು ಬನ್ರಿ, ಅವರ ಮಾತು ರೆಕಾರ್ಡ್ ಮಾಡುವ ಕೆಲಸ ನಿಮ್ಮದು.