ನಿಮ್ಮ ಕಾಫಿಯಲ್ಲಿ ಕಾಫಿ ಎಷ್ಟಿದೆ?

ನಮಸ್ಕಾರ. ವಿಡಿಯೋ ಒಂದು ನಿಮಿಷ ನಿಲ್ಲಿಸಿ, ಅಡುಗೆಮನೆಯಿಂದ ಕಾಫಿಪುಡಿ ಪ್ಯಾಕೆಟ್ ತನ್ನಿ. ಅದರ ಮೇಲಿರುವ ಸಣ್ಣ ಅಕ್ಷರಗಳನ್ನು ಓದಿ. ಕಾಫಿ ಇಷ್ಟು, ಚಿಕೋರಿ ಇಷ್ಟು ಅಂತ ಎರಡು ಅಂಕಿ ಇವೆಯಾ?

ಹೋದ ತಿಂಗಳು ನಾನು ತಂದ ಪ್ಯಾಕೆಟ್ಟಿನಲ್ಲಿ 53, 47 ಅಂತಿತ್ತು. ಮುಂದುಗಡೆ ಬೆಟ್ಟ, ಮಂಜು, ಕೆಂಪು ಹಣ್ಣು. ಒಳಗೆ ಹೆಚ್ಚೂಕಮ್ಮಿ ಅರ್ಧ ಬೇರಿನ ಪುಡಿ. ಇದು ಕಾನೂನಿಗೆ ವಿರುದ್ಧವಲ್ಲ. ಮಿಶ್ರಣದಲ್ಲಿ ಕನಿಷ್ಠ 51% ಕಾಫಿ ಇರಬೇಕು, ಎಷ್ಟೆಷ್ಟು ಅಂತ ಪ್ಯಾಕೆಟ್ ಮೇಲೆ ಬರೆದಿರಬೇಕು, ಅಷ್ಟೇ ನಿಯಮ. ಅವರು ಬರೆದಿದ್ದಾರೆ. ನಾವು ಓದುವುದಿಲ್ಲ. ನನಗೆ ಬೇಜಾರಾಗಿದ್ದು ಅದಕ್ಕೇ.

ಚಿಕೋರಿ ಅಂದರೆ ಒಂದು ಗಿಡದ ಬೇರು. ನೀಲಿ ಹೂ ಬಿಡುವ, ಸೂರ್ಯಕಾಂತಿ ಕುಟುಂಬದ ಗಿಡ. ನಮ್ಮಲ್ಲಿ ಇದು ಜಾಸ್ತಿ ಬೆಳೆಯುವುದು ಗುಜರಾತಿನಲ್ಲಿ. ಬೇರನ್ನು ಒಣಗಿಸಿ ಹುರಿದು ಪುಡಿ ಮಾಡುತ್ತಾರೆ. ಕೆಫೀನ್ ಒಂದು ಚೂರೂ ಇರುವುದಿಲ್ಲ. ಆದರೆ ಡಿಕಾಕ್ಷನ್ನಿಗೆ ಗಾಢ ಬಣ್ಣ ಬರುತ್ತದೆ, ಮಂದವಾಗುತ್ತದೆ. ಬೆಲೆಯೂ ಕಾಫಿಗಿಂತ ಕಡಿಮೆ.

ಈ ಬೇರು ಕಾಫಿಯ ಜೊತೆ ಸೇರಿದ್ದು ಯುರೋಪಿನಲ್ಲಿ, ಕಾಫಿ ಸಿಗದ ಕಾಲದಲ್ಲಿ. ಈಗಿನ ಜರ್ಮನಿ ಕಡೆಯ ಪ್ರಷ್ಯಾದ ದೊರೆ ಎರಡನೇ ಫ್ರೆಡರಿಕ್‌ಗೆ ಕಾಫಿಗಾಗಿ ದೇಶದ ಹಣ ಹೊರಗೆ ಹೋಗುತ್ತದಲ್ಲ ಅಂತ ಸಂಕಟ. ಜನ ಬಿಯರ್ ಕುಡಿಯಲಿ ಅಂತ 1777ರಲ್ಲಿ ಹೇಳಿದ. ಆಮೇಲೆ ಕಾಫಿ ಹುರಿಯುವುದಕ್ಕೂ ಸರ್ಕಾರದ ಅಪ್ಪಣೆ ಬೇಕಾಯಿತು. ಯಾರ ಮನೆಯಿಂದ ಹುರಿದ ವಾಸನೆ ಬರುತ್ತಿದೆ ಅಂತ ಮೂಸಿ ಪತ್ತೆ ಮಾಡಲು ಬೀದಿಗೆ ಜನರನ್ನೇ ಬಿಟ್ಟಿದ್ದ! 1806ರಲ್ಲಿ ನೆಪೋಲಿಯನ್ ಬ್ರಿಟಿಷ್ ಸರಕಿಗೆ ಯುರೋಪಿನ ಬಂದರುಗಳನ್ನು ಮುಚ್ಚಿಸಿದ ಮೇಲೆ ಫ್ರಾನ್ಸಿನಲ್ಲೂ ಚಿಕೋರಿಯೇ ಗತಿಯಾಯಿತು. ಅವರ ಊರಲ್ಲಿ ಕಾಫಿ ಬೆಳೆಯುತ್ತಿರಲಿಲ್ಲ. ಪಾಪ, ಇನ್ನೇನು ಮಾಡಿಯಾರು?

ನಮ್ಮ ಕಥೆ ಹಾಗಲ್ಲ. ಯೆಮೆನ್ ಕಡೆಯಿಂದ ಬಾಬಾ ಬುಡನ್ 7 ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರು ಅನ್ನುವುದನ್ನು ಚಿಕ್ಕಂದಿನಿಂದ ಕೇಳಿದ್ದೇವೆ. ದೇಶದ ಕಾಫಿಯಲ್ಲಿ ಸುಮಾರು 70% ಬೆಳೆಯುವುದು ಇದೇ ಕರ್ನಾಟಕದಲ್ಲಿ. ಕೊಡಗು, ಚಿಕ್ಕಮಗಳೂರು, ಹಾಸನ. ಕಾಫಿಯ ಮೇಲೆ ಸಂಶೋಧನೆ ಮಾಡುವ ಕೇಂದ್ರ 1925ರಿಂದ ಬಾಳೆಹೊನ್ನೂರಿನ ಹತ್ತಿರ ಇದೆ. ಇಷ್ಟು ಹತ್ತಿರ ಇದ್ದುಕೊಂಡು ಬರಿ ಕಾಫಿಯ ರುಚಿ ಹೇಗಿರುತ್ತದೆ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ತೋಟದ ಕಡೆಯವರನ್ನು ಮಾರ್ಚ್ ತಿಂಗಳಲ್ಲಿ ಮಾತಾಡಿಸಿ ನೋಡಿ. ಅವರ ಕಣ್ಣೆಲ್ಲ ಆಕಾಶದ ಮೇಲೆ. ಹೂಮಳೆ ಬೇಕು. ಹದವಾಗಿ ಒಂದು ಮಳೆ ಬಿದ್ದರೆ ಎಂಟೊಂಬತ್ತು ದಿನಕ್ಕೆ ಇಡೀ ತೋಟ ಬೆಳ್ಳಗೆ ಅರಳುತ್ತದೆ, ಮಲ್ಲಿಗೆಯಂಥ ಘಮ. ಆಮೇಲೆ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು. ಮಳೆ ತಪ್ಪಿದರೆ ಸ್ಪ್ರಿಂಕ್ಲರ್ ಹಾಕಿಯೇ ಹೂ ಬಿಡಿಸಬೇಕು. ನೀರಿಲ್ಲದವರ ಪಾಡು ಕೇಳಬೇಡಿ. ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿ, ಗೊಬ್ಬರ, ಅರೇಬಿಕಾ ಜಾತಿಯ ಕಾಫಿ ಆದರೆ ಕಾಂಡಕೊರಕ ಹುಳದ ಕಾಟ. ನವೆಂಬರಿನಿಂದ ಕೊಯ್ಲು. ಎಲ್ಲ ಹಣ್ಣೂ ಒಂದೇ ಸಲ ಕೆಂಪಾಗುವುದಿಲ್ಲ. ಹಾಗಾಗಿ ಅದೇ ಗಿಡಕ್ಕೆ ಮತ್ತೆ ಮತ್ತೆ ಬಂದು, ಹಣ್ಣಾದದ್ದನ್ನಷ್ಟೇ ಕೈಯಲ್ಲಿ ಬಿಡಿಸಬೇಕು. ಸೊಂಟಕ್ಕೆ ಚೀಲ ಕಟ್ಟಿಕೊಂಡು ಇಳಿಜಾರಿನಲ್ಲಿ ದಿನವಿಡೀ ನಿಲ್ಲುವ ಹೆಂಗಸರ ಕೆಲಸ ಅದು. ಆಮೇಲೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗು, ತೊಳೆಯುವುದು, ಕಣದಲ್ಲಿ ಹರಡಿ ಒಣಗಿಸುವುದು. ಇಷ್ಟೆಲ್ಲ ಆಗಿ ಬಂದ ಬೀಜದ ರುಚಿಯನ್ನು ಬೇರಿನ ಪುಡಿ ಅರ್ಧ ಮುಚ್ಚಿಬಿಟ್ಟರೆ ನನಗೆ ಸಂಕಟವಾಗುತ್ತದೆ.

ಚಿಕೋರಿ ಇಷ್ಟಪಡುವವರನ್ನು ನಾನು ತಪ್ಪು ಅನ್ನುವುದಿಲ್ಲ. ಅಜ್ಜಿಯ ಕಾಲದಿಂದ ಅದೇ ರುಚಿ ನಾಲಿಗೆಗೆ ಹತ್ತಿದೆ, ಹಾಲಿನ ಜೊತೆ ಚೆನ್ನಾಗಿಯೂ ಕೂಡುತ್ತದೆ. 80-20 ಹಾಕಿಸಿಕೊಳ್ಳಿ, ನಿಮ್ಮಿಷ್ಟ. ಆದರೆ ಅದನ್ನು ನೀವು ಆರಿಸಿಕೊಂಡಿರಬೇಕು. ನಿಮಗೆ ಗೊತ್ತಿಲ್ಲದೆ ಬೇರೆ ಯಾರೋ ಆರಿಸಬಾರದು, ಅಲ್ವಾ?

ಕಣ್ಣೆದುರೇ ಹುರಿದು ಪುಡಿ ಮಾಡಿಕೊಡುವ ಅಂಗಡಿಗಳು ಇನ್ನೂ ಇವೆ. ಅಲ್ಲಿಗೆ ಹೋಗಿ ಬಾಯಿಬಿಟ್ಟು ಕೇಳಿ. ಪ್ಲಾಂಟೇಶನ್ ಎ ಅಂದರೆ ತೊಳೆದು ಹದ ಮಾಡಿದ ಅರೇಬಿಕಾ, ದಪ್ಪ ಬೀಜದ್ದು. ಪೀಬೆರಿ ಅಂದರೆ ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ಕೂತು ಗುಂಡಗಾದದ್ದು. ರೊಬಸ್ಟಾ ಕಾಫಿಯ ಇನ್ನೊಂದು ಜಾತಿ, ಕಹಿ ಜಾಸ್ತಿ, ಕೆಫೀನ್ ಅರೇಬಿಕಾದ ಹತ್ತಿರ ಹತ್ತಿರ ಎರಡರಷ್ಟು. ಗಟ್ಟಿ ಕಾಫಿ ಬೇಕು ಅನ್ನುವವರು ಚಿಕೋರಿ ಬದಲು ಸ್ವಲ್ಪ ರೊಬಸ್ಟಾ ಬೆರೆಸಿಕೊಂಡು ನೋಡಬಹುದು. ಮೊದಲ ಸಲ ಕಾಲು ಕಿಲೋ ಸಾಕು.

ನಾನು ಹಾಗೇ ತಂದೆ. ಮನೆಗೆ ಬಂದು ಎರಡು ಗಾಜಿನ ಲೋಟದಲ್ಲಿ ತಣ್ಣೀರು ಇಟ್ಟು, ಒಂದಕ್ಕೆ ಹಳೆ ಪುಡಿ, ಇನ್ನೊಂದಕ್ಕೆ ಹೊಸದು, ಒಂದೊಂದು ಚಿಟಿಕೆ ಉದುರಿಸಿದೆ. ಹೊಸ ಪುಡಿ ಮೇಲೆಯೇ ತೇಲುತ್ತಿತ್ತು. ಹಳೆಯದರಲ್ಲಿ ಕ್ಷಣಕ್ಕೆ ಚಿಕೋರಿಯ ಕಂದು ಎಳೆಗಳು ನೀರಿನಲ್ಲಿ ಇಳಿಯತೊಡಗಿದವು. ಪಕ್ಕದಲ್ಲೇ ನಿಂತಿದ್ದ ಅಮ್ಮ ಸುಮ್ನೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಫಿಲ್ಟರ್ ತೊಳೆದು ತಂದು, "ಹೊಸದನ್ನೇ ಹಾಕು" ಅಂದರು.